ಅಪ್ಪ ಎತ್ತಿಕೊಟ್ಟ ಮಾತು

ಅಪ್ಪನನ್ನು ಕೊಲ್ಹಾಪುರಕ್ಕೆ ನಾಟಕ ನೋಡಲು ಕರೆದೊಯ್ದವಳು ನಾನೇ. ಅವನೇನೂ ಕೇಳಿರಲಿಲ್ಲ. ಇಚಲಕರಂಜಿಯ ಪವರ್‌ಲೂಮಿನಲ್ಲಿ ಆಯುಷ್ಯ ಸವೆಸಿದವನಿಗೆ ಮಗಳು ಒಂದು ಸಂತೋಷ ಕೊಟ್ಟಳು ಅನ್ನಿಸಿಕೊಳ್ಳುವ ಆಸೆ ನನಗಿತ್ತು, ಅಷ್ಟೇ.

ಮದುವೆಗೆ ಮುಂಚೆ ಅಪ್ಪ ಗಡಹಿಂಗ್ಲಜದ ಹತ್ತಿರದ ತನ್ನ ಹಳ್ಳಿಯಲ್ಲಿ ಇದೇ ಹಳೆಯ ನಾಟಕವನ್ನು ಕನ್ನಡದಲ್ಲಿ ಆಡಿಸುತ್ತಿದ್ದ. ಬಣ್ಣ ಹಚ್ಚಿದವನಲ್ಲ. ಪರದೆಯ ಬದಿಗೆ ನಿಂತು, ಮರೆತವರಿಗೆ ಮಾತು ಎತ್ತಿಕೊಡುವುದು ಅವನ ಕೆಲಸ. ದಿನವೆಲ್ಲ ಕಬ್ಬು ಕಡಿದು ಬಂದ ರಾಜ, ಡೇರಿಗೆ ಹಾಲು ಹಾಕಿ ಬಂದ ಮಂತ್ರಿ; ಅವರಿಗೆಲ್ಲಿ ಮಾತು ನೆನಪಿರಬೇಕು? "ಮಂದಿ ಮುಂದ ಅವನ ಮಾನ ಹೋಗಬಾರ್ದು ನೋಡ" ಎಂದು ಅಪ್ಪ ಈಗಲೂ ಹೇಳುತ್ತಾನೆ.

ಕೊಲ್ಹಾಪುರದ್ದು ಮರಾಠಿ ಪ್ರಯೋಗ, ಮಧ್ಯಾಹ್ನದ ಆಟ, ಎಲ್ಲ ಹೊಸ ರೀತಿ. ರಾಜ್ಯ ಬಿಟ್ಟು ಹೊರಡುವ ರಾಜ ಪ್ಯಾಂಟು ಶರ್ಟು ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ಅಪ್ಪ ಮೊದಲು ನಕ್ಕ, ಆಮೇಲೆ ಮುಂದೆ ಬಾಗಿ ಕೂತ. ಕೊನೆಯ ದೃಶ್ಯದಲ್ಲಿ ರಾಜ ಎದ್ದು ನಿಂತು ಸುಮ್ಮನಾದ. ಪ್ರೇಕ್ಷಕರ ಮೇಲೂ ದೀಪ ಹತ್ತಿತು. ಅವನು ನಮ್ಮನ್ನೇ ನೋಡುತ್ತ ನಿಂತ. ನಿಮಿಷ ದಾಟಿತು. ಈ ಮೌನವೇ ನಿರ್ದೇಶಕರ ಹೊಸತನ ಎಂದು ನಾನು ಪೇಪರಿನಲ್ಲಿ ಓದಿಕೊಂಡು ಬಂದಿದ್ದೆ. ಅಪ್ಪನಿಗೆ ಹೇಳಿರಲಿಲ್ಲ.

ಅಪ್ಪ ಚಡಪಡಿಸಿದ. ಎದ್ದೇಬಿಟ್ಟ. ಮಗ್ಗದ ಸದ್ದಿಗೆ ಕಿವಿ ಮಂದವಾದವನು. ಅವನ ಪಿಸುಮಾತು ಅಂದರೆ ಊರಿಗೆಲ್ಲ ಕೂಗು.

"'ಕಿರೀಟ ಇಳಿಸಿದೆ, ತಲೆಯ ಭಾರ ಇಳಿಯಲಿಲ್ಲ' ಅನ್ನೋ ತಮ್ಮಾ! ಅಂಜಬ್ಯಾಡ!"

ಮರಾಠಿ ರಾಜನಿಗೆ ಕನ್ನಡದ ಮಾತು. ಜನ ಗೊಳ್ಳೆಂದು ನಕ್ಕರು. ನನ್ನ ಇನ್ನೊಂದು ಬದಿಗೆ ಕೂತಿದ್ದ ಹೆಂಗಸು, ಇವರು ನಿಮ್ಮ ಜೊತೆ ಬಂದವರೇ ಎಂದು ಮರಾಠಿಯಲ್ಲಿ ಕೇಳಿದಳು. "ನಾಹೀ" ಅಂದೆ. ಸಾಲದ್ದಕ್ಕೆ, ಗುರುತೂ ಇಲ್ಲ ಎಂದು ಸೇರಿಸಿದೆ. ಆಕೆ ಯಾರೋ ಏನೋ, ಈ ಜನ್ಮದಲ್ಲಿ ಮತ್ತೆ ಆಕೆಯ ಮುಖ ನೋಡುವವಳಲ್ಲ ನಾನು. ಅಂಥವಳ ಮುಂದೆ ಮಾನ ಉಳಿಸಿಕೊಳ್ಳಲು ಹೆತ್ತಪ್ಪನನ್ನೇ ಇಲ್ಲವೆಂದೆ. ನನ್ನ ನಾಲಿಗೆಗೆ ಬರೆ ಹಾಕಬೇಕಿತ್ತು.

ಹೇಗೂ ಕೇಳಿಸಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತ ತಿರುಗಿದರೆ, ಅಪ್ಪ ನನ್ನ ತುಟಿಗಳನ್ನೇ ನೋಡುತ್ತಿದ್ದ. ಮಗ್ಗದ ಶೆಡ್ಡಿನಲ್ಲಿ ಯಾರ ಮಾತೂ ಯಾರ ಕಿವಿಗೂ ಬೀಳುವುದಿಲ್ಲ. ಅಲ್ಲಿ ದುಡಿಯುವವರು ತುಟಿ ನೋಡಿಯೇ ಮಾತು ಹಿಡಿಯುತ್ತಾರೆ, ಕನ್ನಡವಾಗಲಿ ಮರಾಠಿಯಾಗಲಿ. ಅಪ್ಪ ಕೂತ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಮೊಣಕೈ ಕೂಡ ನನಗೆ ತಾಗದ ಹಾಗೆ ನೋಡಿಕೊಂಡ. ನಾಟಕ ಮುಗಿದು ಹೊರಗೆ ಬರುವಾಗ ಹತ್ತು ಹೆಜ್ಜೆ ಹಿಂದೆ ಉಳಿದ. ನಾನು ನಿಂತರೆ ಅವನೂ ನಿಂತ. 

ಬಸ್‌ಸ್ಟ್ಯಾಂಡಿನಲ್ಲಿ ಇಚಲಕರಂಜಿಯ ಬಸ್ಸು ಹತ್ತಿ, ಅವನಿಗೆ ಜಾಗ ಬಿಟ್ಟು ಕಿಟಕಿಗೆ ಸರಿದು ಕೂತೆ. ಅಪ್ಪ ಕೂರಲಿಲ್ಲ. ಕಂಬಿ ಹಿಡಿದು ನಿಂತು, ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ಒಬ್ಬೊಬ್ಬರ ಮುಖ ನೋಡಿದ. ಆಮೇಲೆ ನನ್ನ ಕಡೆ ಬಾಗಿದ.

"ನಾಟಕಕ್ಕ ಬಂದಾವ್ರು ಯಾರೂ ಈ ಬಸ್ಸಿನ್ಯಾಗ ಇಲ್ಲ. ಈಗ ನಿನ್ನ ಬಾಜೂಕ ಕುಂಡ್ರಲೇನ, ತಂಗೀ?"