ಹಡಗಿನಲ್ಲಿ ಬಂದವನ ಮೊಮ್ಮಗ

ಹೋದ ವಾರ ಗರಾಜು ಖಾಲಿ ಮಾಡುವಾಗ ಹಳೆಯ ಸ್ಕ್ಯಾನರು ಸಿಕ್ಕಿತು. ಕೆಲಸ ಮಾಡುತ್ತದೆಯೋ ನೋಡೋಣವೆಂದು ಪ್ಲಗ್ಗು ಚುಚ್ಚಿದೆ. ಬಿಸಿಯಾಗುತ್ತಿದ್ದಂತೆ ಸುಟ್ಟ ಧೂಳಿನ ವಾಸನೆ ಬಂತು. ಪಕ್ಕದ ಮನೆಯ ಅಜ್ಜಿಯ ಊಟದ ಮೇಜು, ಅದರ ತುಂಬ ಹರಡಿದ್ದ ಕಾಗದಗಳು... ಅಲ್ಲೇ ಒಂದು ಡಬ್ಬದ ಮೇಲೆ ಕುಳಿತುಬಿಟ್ಟೆ.

ಅಜ್ಜಿ ಎಂದು ಕರೆಯುತ್ತಿದ್ದವಳು ನಾನೊಬ್ಬಳೇ. ಆಕೆ ಎಂಬತ್ತು ದಾಟಿದ ಬಿಳಿಯ ಹೆಂಗಸು, ಹೇವರ್ಡಿನ ನಮ್ಮ ಬೀದಿಯಲ್ಲಿ ಒಂಟಿಯಾಗಿದ್ದಳು. ನಾಲ್ಕು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು ಈ ದೇಶದ ಪೂರ್ವದ ಕರಾವಳಿಯಲ್ಲಿ ನೆಲೆಸಿದ ಒಬ್ಬ ರೈತ ತಮ್ಮ ಮೂಲಪುರುಷ ಎಂದು ಆಕೆಯ ತಂದೆ ಹೇಳುತ್ತಿದ್ದರಂತೆ. ಸಾಯುವ ಮೊದಲು ಅದು ನಿಜವೋ ಅಲ್ಲವೋ ತಿಳಿಯಬೇಕೆಂಬುದೊಂದೇ ಆಕೆಗೆ ಉಳಿದಿದ್ದ ಆಸೆ. ಗೋಡೆಗೆ ದೊಡ್ಡ ವಂಶವೃಕ್ಷ ಬರೆದು ಅಂಟಿಸಿದ್ದಳು. ಆ ರೈತ ಯಾರ ನೆಲಕ್ಕೆ ಬೇಲಿ ಹಾಕಿದನೋ ಆ ಮೂಲಜನರ ಹೆಸರನ್ನೂ ಅವನ ಪಕ್ಕದಲ್ಲಿ ಬರೆದಿದ್ದಳು. ಅದನ್ನು ನೋಡಿಯೇ ನನಗೆ ಆಕೆಯ ಮೇಲೆ ಗೌರವ ಹುಟ್ಟಿದ್ದು.

ಮೇಲೆ ಆ ರೈತ, ಅವನ ಮಗ. ಕೆಳಗೆ ಅಜ್ಜಿಯಿಂದ ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಥಾಮಸ್ ಎಂಬುವನವರೆಗೆ ಹೆಸರುಗಳು. ಈ ಥಾಮಸನೇ ಹಡಗಿನವನ ಮೊಮ್ಮಗ ಎನ್ನುವುದಕ್ಕೆ ಒಂದು ದಾಖಲೆ ಸಿಕ್ಕರೆ ಮುಗಿಯಿತು.

ಅಜ್ಜಿಗೆ ಕಣ್ಣು ಮಂಜಾಗಿತ್ತು. ಶನಿವಾರ ಬೆಳಿಗ್ಗೆ ನಾನು ಸ್ಕ್ಯಾನರು ಎತ್ತಿಕೊಂಡು ಹೋಗುತ್ತಿದ್ದೆ. ಲೈಬ್ರರಿಯಿಂದ ತಂದ, ಆ ರೈತ ನೆಲೆಸಿದ್ದ ಊರಿನ ಜನನ ಮರಣದ ಪುಸ್ತಕದ ಪುಟಗಳನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ಓದಿ ಹೇಳುತ್ತಿದ್ದೆ. ನನಗೋ ಕಂಡವರ ವಿಷಯದಲ್ಲೆಲ್ಲ ಮೂಗು ತೂರಿಸುವ ಚಟ, ಅದರ ಮೇಲೆ ಎಲ್ಲಾ ಗೊತ್ತೆಂಬ ಜಂಬ ಬೇರೆ.

ಒಂದು ಶನಿವಾರ ಸಿಕ್ಕಿಯೇಬಿಟ್ಟಿತು. ಥಾಮಸನ ಜನನ, ತಂದೆ ಆ ರೈತನ ಮಗನೇ. ಅಜ್ಜಿ ನನ್ನ ಕೈ ಹಿಡಿದವಳು ಎಷ್ಟೋ ಹೊತ್ತು ಬಿಡಲೇ ಇಲ್ಲ. ಅಲ್ಲಿಗೆ ನಿಲ್ಲಿಸಬಾರದಿತ್ತೇ ನಾನು? ಅದೇ ಪುಟದ ಕೆಳಗೆ ಇನ್ನೊಂದು ಸಾಲಿತ್ತು. ಅದೇ ಥಾಮಸ್, ಅದೇ ತಂದೆ ತಾಯಿ, ಎರಡು ವರ್ಷದ ಮಗುವಾಗಿದ್ದಾಗ ತೀರಿಕೊಂಡ. ಅದನ್ನೂ ಓದಿದೆ.

"ಆಮೇಲೆ ಇನ್ನೊಬ್ಬ ಥಾಮಸ್ ಹುಟ್ಟಿರಬಹುದಲ್ಲ?" ಎಂದು ಅಜ್ಜಿ ತನ್ನ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು.

"ಸಾಧ್ಯವೇ ಇಲ್ಲ. ಸತ್ತ ಮಗುವಿನ ಹೆಸರನ್ನು ಯಾವ ತಾಯಿ ಮತ್ತೆ ಇಡುತ್ತಾಳೆ?" ಎಂದೆ.

ನನಗೆ ಸಂಶಯವೇ ಇರಲಿಲ್ಲ. ನಮ್ಮ ಕಡೆ ಒಂದು ಮಗು ಹೋದರೆ, ಮುಂದಿನದಕ್ಕೆ ಗುಂಡ, ತಿಪ್ಪ ಎಂದು ಏನಾದರೊಂದು ಹೆಸರಿಟ್ಟು ಯಮನ ಕಣ್ಣು ತಪ್ಪಿಸುತ್ತಾರೆ. ನನಗಿಂತ ಮೊದಲು ಹುಟ್ಟಿದ ಅಣ್ಣ ಉಳಿಯಲಿಲ್ಲವೆಂದು ನನ್ನನ್ನು ಮನೆಯಲ್ಲಿ ತಿಪ್ಪಿ ಎಂದೇ ಕರೆಯುತ್ತಿದ್ದರು. ಅಣ್ಣನ ಹೆಸರನ್ನು ಅಮ್ಮ ಕೊನೆಯವರೆಗೂ ಬಾಯಿಬಿಟ್ಟು ಹೇಳಲಿಲ್ಲ. ಲೋಕದ ತಾಯಂದಿರೆಲ್ಲ ನಮ್ಮಮ್ಮನ ಹಾಗೆಯೇ ಎಂದುಕೊಂಡಿದ್ದೆ.

"ಹಾಗಾದರೆ ನಾನು ಯಾರ ಮನೆಯವಳು?" ಎಂದಳು ಅಜ್ಜಿ. ನಾನು ಸ್ಕ್ಯಾನರಿನ ವೈರು ಸುತ್ತಿಕೊಂಡು ಎದ್ದೆ.

ಮುಂದಿನ ವಾರ ಆ ವಂಶವೃಕ್ಷ ಸುರುಳಿ ಸುತ್ತಿಕೊಂಡು ರೀಸೈಕ್ಲಿಂಗ್ ಡಬ್ಬದಲ್ಲಿ ನಿಂತಿತ್ತು. ನಾನು ಎತ್ತಿಕೊಳ್ಳಲಿಲ್ಲ, ಟ್ರಕ್ಕು ಬಂದು ತೆಗೆದುಕೊಂಡು ಹೋಯಿತು.

"ಅಷ್ಟು ಖಡಾಖಂಡಿತವಾಗಿ ಹೇಳೋಕೆ ಯಾಕೆ ಹೋದೆ? ಪಾಪ, ವಯಸ್ಸಾದವರು ಕಣೇ," ಎಂದರು ನಮ್ಮ ಯಜಮಾನರು.

"ಮತ್ತೆ ಸುಳ್ಳು ಹೇಳ್ಬೇಕಿತ್ತೇನ್ರೀ?" ಎಂದು ಅವರ ಬಾಯಿ ಮುಚ್ಚಿಸಿದೆ.

ಆಮೇಲೆ ಎದುರು ಸಿಕ್ಕಾಗಲೂ ಅಜ್ಜಿ ಬಿಸಿಲು, ಚಳಿ ಎಂದಷ್ಟೇ ಮಾತಾಡುತ್ತಿದ್ದಳು. ಶನಿವಾರ ಬಾ ಎಂದು ಕರೆಯಲಿಲ್ಲ. ಮೂರು ತಿಂಗಳೂ ಆಗಿರಲಿಲ್ಲ, ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಮನೆ ಖಾಲಿ ಮಾಡಲು ಬಂದ ಆಕೆಯ ಮಗಳು ಲೈಬ್ರರಿಯ ಆ ಪುಸ್ತಕವನ್ನು ಕೊಟ್ಟುಬಿಡಿ ಎಂದು ನನ್ನ ಕೈಗಿತ್ತಳು. ಲೈಬ್ರರಿಯ ಸಾಲಿನಲ್ಲಿ ನಿಂತು ಸುಮ್ಮನೆ ಬಿಡಿಸಿದೆ. ನಾವು ನಿಲ್ಲಿಸಿದ್ದ ಪುಟದ ಹಾಳೆ ತಿರುಗಿಸಿದರೆ, ಥಾಮಸ್. ಅದೇ ತಂದೆ, ಅದೇ ತಾಯಿ. ಮೊದಲನೆಯವನು ಸತ್ತ ಮರುವರ್ಷ ಹುಟ್ಟಿದವನು.

"ಆ ಕಾಲದಲ್ಲಿ ಅದು ಮಾಮೂಲು. ಹೋದ ಮಗುವಿನ ಹೆಸರನ್ನೇ ಇಡುತ್ತಿದ್ದರು," ಎಂದಳು ಕೌಂಟರಿನಲ್ಲಿದ್ದ ಹೆಂಗಸು.

ಅಜ್ಜಿಯ ಮಗಳಿಗೆ ಫೋನು ಮಾಡಿ ಹೇಳಿದೆ. "ಓ, ದಟ್ಸ್ ನೈಸ್," ಎಂದು, ಮನೆಯ ಕೀಲಿಯ ಮಾತಿಗೆ ಹೋದಳು.

ಈಗ ಆ ಮನೆಗೆ ಮೈಸೂರಿನ ಕಡೆಯ ಸಂಸಾರವೊಂದು ಬಂದಿದೆ. ನಿನ್ನೆ ಆ ಮನೆಯ ಹುಡುಗಿ ಬೇಲಿಯ ಆಚೆಯಿಂದ, "ನಮಗಿಂತ ಮುಂಚೆ ಇಲ್ಲಿ ಯಾರಿದ್ರು ಆಂಟಿ?" ಎಂದು ಕೇಳಿದಳು.

"ಇಂಗ್ಲೆಂಡಿಂದ ಹಡಗಲ್ಲಿ ಬಂದ ಒಬ್ಬ ರೈತನ ಮನೆಯವರಮ್ಮ," ಎಂದೆ. ಈ ಮಾತು ಯಾರಿಗೆ ಬೇಕಿತ್ತೋ ಅವಳಿಗೆ ಹೇಳಲಿಲ್ಲ.