ಬ್ಯಾಟರಿಯ ಮೇಲಿನ ಕುಂಕುಮ

ಹಿಮದ ಮೇಲೆ ಓಡುವ ಸ್ಕೂಟರನ್ನು ನಾನು ಒಮ್ಮೆಯೂ ಓಡಿಸಿದವನಲ್ಲ. ಅದರ ಬ್ಯಾಟರಿಯನ್ನೂ ವೈರುಗಳನ್ನೂ ನೋಡಿಕೊಳ್ಳುವುದಷ್ಟೇ ನನ್ನ ಕೆಲಸವಾಗಿತ್ತು. ಸೇನೆಯಲ್ಲಿದ್ದಾಗ ಎರಡು ಚಳಿಗಾಲ ಆ ಕೆಲಸ ಮಾಡಿದೆ. ಮುಂದೆ ಜಾರುವ ಎರಡು ಪಟ್ಟಿ, ಹಿಂದೆ ಸುತ್ತುವ ಅಗಲವಾದ ರಬ್ಬರ್ ಪಟ್ಟಿ, ನಡುವೆ ಎಂಜಿನ್ನು ಮತ್ತು ಸೀಟು. ನಿವೃತ್ತನಾಗಿ ಅರಕೆರೆಗೆ ಬಂದ ಮೇಲೆ ಇದನ್ನು ವಿವರಿಸಿದರೆ ನಾಲೆ ಏರಿಯ ಮೇಲೆ ಕುಳಿತವರು ನಗುತ್ತಿದ್ದರು. "ಚಕ್ರನೇ ಇಲ್ದಿದ್ ಮ್ಯಾಲೆ ಅದ್ಯಾವ ಸೀಮೆ ಸ್ಕೂಟ್ರಲಾ?"

ನಮ್ಮ ದಿನಚರಿ ಹೀಗಿತ್ತು. ಸಂಜೆ ಸ್ಕೂಟರು ಹಿಂದಿರುಗಿದ ಕೂಡಲೇ ಬ್ಯಾಟರಿ ಬಿಚ್ಚಬೇಕು. ಮೊದಲು ಮೈನಸ್, ಆಮೇಲೆ ಪ್ಲಸ್. ಅದನ್ನು ಎತ್ತಿಕೊಂಡು ಬಂದು ಒಲೆಯಿರುವ ಗುಡಾರದಲ್ಲಿ ಮರದ ಹಲಗೆಯ ಮೇಲೆ ಇಡಬೇಕು. ಬೆಳಿಗ್ಗೆ ಗಾಜಿನ ಕೊಳವೆಯಿಂದ ಆರೂ ಕೋಣೆಗಳ ಆಸಿಡ್ಡನ್ನು ಹೀರಿ, ಒಳಗೆ ತೇಲುವ ಕಡ್ಡಿ ಎಲ್ಲಿ ನಿಂತಿತೆಂದು ಬರೆದುಕೊಳ್ಳಬೇಕು. ಚಾರ್ಜು ಇಳಿದ ಬ್ಯಾಟರಿಯಲ್ಲಿ ಆಸಿಡ್ಡು ನೀರಿನಂತಾಗುತ್ತದೆ, ಕಡ್ಡಿ ಮುಳುಗುತ್ತದೆ. ಆ ಚಳಿಗೆ ಹೆಪ್ಪುಗಟ್ಟುತ್ತದೆ. ಒಮ್ಮೆ ಹೊರಗೇ ಉಳಿದ ಒಂದು ಬ್ಯಾಟರಿ ಬೆಳಗಾಗುವಷ್ಟರಲ್ಲಿ ಹೊಟ್ಟೆ ಊದಿಕೊಂಡು ಸೀಳಿಹೋಗಿದ್ದನ್ನು ಕಂಡಿದ್ದೇನೆ. ವೈರುಗಳೂ ಅಷ್ಟೆ. ಹ್ಯಾಂಡಲ್ಲಿನ ಹತ್ತಿರ ಬಾಗುವ ಕಡೆ ಮೇಲಿನ ಹೊದಿಕೆ ಒಣಕಡ್ಡಿಯಂತೆ ಬಿರುಕು ಬಿಡುತ್ತಿತ್ತು. ದಿನಾ ಬೆರಳಾಡಿಸಿ ನೋಡಬೇಕು.

ಇವೆಲ್ಲಕ್ಕೂ ಕಾರಣ ಹೊಳೆಯುತ್ತಿತ್ತು. ಒಂದಕ್ಕೆ ಮಾತ್ರ ಹೊಳೆಯುತ್ತಿರಲಿಲ್ಲ. ನಮಗೆ ಕೆಲಸ ಕಲಿಸಿದ ಉಸ್ತಾದರು ಪ್ರತಿ ಬೆಳಿಗ್ಗೆ ಬ್ಯಾಟರಿಯ ಮೇಲ್ಭಾಗವನ್ನು ಅಡುಗೆ ಸೋಡ ಕದಡಿದ ನೀರಿನಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಲು ಹೇಳುತ್ತಿದ್ದರು. ಸುತ್ತ ಹರದಾರಿಗಟ್ಟಲೆ ಬರೀ ಹಿಮ. ಧೂಳೆಲ್ಲಿ ಬಂತು? ಒಮ್ಮೆ ಕೇಳಿಯೇ ಬಿಟ್ಟೆ. "ಒರೆಸು" ಎಂದರು. ಒರೆಸಿದೆ. ಉತ್ತರ ಸಿಕ್ಕಿದ್ದು ವರ್ಷಗಳ ಮೇಲೆ, ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಕಿಕ್ಕೇರಿಯ ಬಳಿಯ ನನ್ನ ಅಕ್ಕನ ಊರಿನಲ್ಲಿ.

ಅಕ್ಕ ಯಾರಿಂದಲೋ ಒಂದು ಕಾರ್ಡು ಬರೆಸಿದ್ದಳು. "ಜೀಪು ಹತ್ತುತ್ತಿಲ್ಲ. ನಿನ್ನ ಸಾಮಾನು ತೆಗೆದುಕೊಂಡು ಬೇಗ ಬಾ." ಭಾವನದು ಒಂದು ಹಳೆಯ ಡೀಸೆಲ್ ಜೀಪು; ಅದರಲ್ಲಿ ಸಂತೆಗೆ, ಆಸ್ಪತ್ರೆಗೆ ಜನರನ್ನು ಕರೆದೊಯ್ಯುತ್ತಿದ್ದರು. ಮೀಟರು, ಗಾಜಿನ ಕೊಳವೆ, ಎರಡು ಸ್ಪ್ಯಾನರು, ನೋಟುಬುಕ್ಕು ಚೀಲಕ್ಕೆ ಹಾಕಿಕೊಂಡು ಹೊರಟೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಎಂದು ಬಸ್ಸು ಬದಲಿಸಿ ಮಧ್ಯಾಹ್ನದ ಊಟಕ್ಕೆ ಸರಿಯಾಗಿ ತಲುಪಿದೆ.

"ಬಂದ್ಯೇನ್ಲಾ ಮಿಲ್ಟ್ರಿ? ನಿನ್ನ ಐಸ್ ಸ್ಕೂಟ್ರಲ್ಲೇ ಬಂದ್ಬುಡೋದಲ್ವಾ!" ಎಂದರು ಭಾವ. ನಗು ಬಾಯಲ್ಲಿತ್ತು, ಮುಖದಲ್ಲಿರಲಿಲ್ಲ.

ಕಾರಣ ಊಟದ ಹೊತ್ತಿಗೆ ತಿಳಿಯಿತು. ಇನ್ನು ಮೂರು ದಿನಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಕೇಂದ್ರ ಕೆ.ಆರ್. ಪೇಟೆಯಲ್ಲಿ. ಊರಿಗೆ ಬರುವ ಮೊದಲ ಬಸ್ಸು ಪರೀಕ್ಷೆಯ ಗಂಟೆ ಹೊಡೆದ ಮೇಲೆ ಬರುತ್ತದೆ. ಎಂಟು ಹೆಣ್ಣುಮಕ್ಕಳನ್ನು ಕರೆದೊಯ್ಯುವುದಾಗಿ ಭಾವ ಮಾತು ಕೊಟ್ಟಿದ್ದರು. ಜೀಪೋ, ಎರಡು ದಿನಕ್ಕೊಮ್ಮೆ 'ಟಕ್' ಎಂದು ಸುಮ್ಮನಾಗುತ್ತಿತ್ತು. ತಳ್ಳಿದರೆ ಹತ್ತುತ್ತದೆ, ನಿಜ. ಆದರೆ ತಳ್ಳಲು ಆರು ಜನ ಬೇಕು, ಮುಂಜಾನೆ ಗಂಡಸರೆಲ್ಲ ಕಬ್ಬು ಕಡಿಯಲು ಹೋಗಿರುತ್ತಾರೆ. ಹಿಂದಿನ ವಾರ ತಳ್ಳುವವರು ಸಿಗುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು.

ಆ ಮಕ್ಕಳಲ್ಲಿ ಒಬ್ಬಳ ತಂದೆ ಜಗಲಿಯ ಮೇಲೆ ಬಂದು ಕುಳಿತಿದ್ದರು. "ಒಂದು ಪೇಪರ್ ತಪ್ಪಿದ್ರೆ ಸಾಕು ಕಣಣ್ಣ, ನಮ್ಮವ್ವ ಕಾಯ್ತಾ ಕುಂತವಳೆ, ಮೊಮ್ಮಗಳ ಮದ್ವೆ ಮಾಡ್ಬುಡಾಕೆ. ಆಮ್ಯಾಕೆ ನನ್ ಮಾತು ನಡ್ಯಾಕಿಲ್ಲ" ಎಂದರು.

ಬಾನೆಟ್ ಎತ್ತಿದೆ. ಬ್ಯಾಟರಿಯೇ ಕಾಣಲಿಲ್ಲ. ಮೂರು ಪಟ್ಟೆ ವಿಭೂತಿ, ನಡುವೆ ಅರಿಶಿನ, ಅದರ ಮೇಲೆ ಕುಂಕುಮ, ಒಂದು ಬಾಡಿದ ಕನಕಾಂಬರ. ಎಲ್ಲ ಹಸಿಹಸಿಯಾಗಿ ಮೆತ್ತಿಕೊಂಡಿತ್ತು. ನೋಡಿದೆ, ಆದರೆ ಪೂಜೆಯೆಂದು ಬಿಟ್ಟೆ. ಮಿಕ್ಕಿದ್ದನ್ನೆಲ್ಲ ಕ್ರಮವಾಗಿ ನೋಡತೊಡಗಿದೆ.

ಮುಚ್ಚಳಗಳನ್ನು ಬಿಚ್ಚಿ ಆರು ಕೋಣೆಗಳನ್ನೂ ಅಳೆದೆ. ಒಂದೇ ಕೋಣೆ ಕೆಟ್ಟಿದ್ದರೆ ಆ ಒಂದರಲ್ಲಿ ಕಡ್ಡಿ ಮುಳುಗಬೇಕು. ಇಲ್ಲಿ ಆರರಲ್ಲೂ ಸಮನಾಗಿ ಮುಳುಗಿತು. ಅಂದರೆ ಬ್ಯಾಟರಿ ಗಟ್ಟಿಯಾಗಿದೆ, ಚಾರ್ಜು ಇಲ್ಲ. ನಾಗಮಂಗಲದಲ್ಲಿ ಕೊಂಡು ಎರಡು ವರ್ಷವೂ ಆಗಿರಲಿಲ್ಲ. ಡೈನಮೋ ಕೆಟ್ಟಿದೆಯೇ? ಆರು ಜನ ಸೇರಿ ತಳ್ಳಿ ಎಂಜಿನ್ ಹತ್ತಿಸಿ ನೋಡಿದೆವು. ಆಕ್ಸಿಲರೇಟರ್ ಒತ್ತಿದರೆ ಡೈನಮೋ ಚೆನ್ನಾಗಿಯೇ ಕರೆಂಟು ಕೊಡುತ್ತಿತ್ತು. ವೈರು ಎಲ್ಲಾದರೂ ಜೀಪಿನ ಮೈಗೆ ತಾಗಿ ಕರೆಂಟು ಸೋರುತ್ತಿದೆಯೇ? ಎಂಜಿನ್ ನಿಲ್ಲಿಸಿ, ಮೈನಸ್ ವೈರು ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ ಸಣ್ಣ ಬಲ್ಬು ಕೊಟ್ಟೆ. ಹತ್ತಲಿಲ್ಲ. ವೈರುಗಳಲ್ಲಿ ಎಲ್ಲೂ ಸೋರಿಕೆಯಿಲ್ಲ. ಹಾಗಾದರೆ ಚಾರ್ಜು ಎಲ್ಲಿಗೆ ಹೋಗುತ್ತಿದೆ? ನೋಟುಬುಕ್ಕಿನಲ್ಲಿ ಮೂರು ಸಾಲು ಬರೆದು ನಾಲ್ಕನೆಯದಕ್ಕೆ ಪೆನ್ನು ನಿಂತಿತು.

ಆಗ ಅಕ್ಕ ಬಂದು ಕುಂಕುಮದತ್ತ ಬೆರಳು ತೋರಿಸಿ ಸಣ್ಣ ದನಿಯಲ್ಲಿ ಹೇಳಿದಳು: "ಇದ್ನ ನೋಡಪ್ಪ. ನಾನೇ ಅರಿಶಿಣ ಸುಣ್ಣ ಕಲ್ಸಿ ಮಾಡಿದ್ ಕುಂಕುಮ. ಇಕ್ಕುವಾಗ ಕೆಂಪಗಿರ್ತದೆ. ಎರಡು ದಿನಕ್ಕೆ ಹಳದಿ ಆಗ್ಬುಡ್ತದೆ. ಅಮ್ಮನೋರ್ಗೆ ಏನೋ ಕ್ವಾಪ ಅಂತ ನಿಮ್ ಭಾವ ಈಗ ಹೊತ್ತಾರೆ ಒಂದ್ಸಲ, ಸಂಜೆ ಒಂದ್ಸಲ ತೀರ್ಥ ಚಿಮುಕ್ಸಿ ಇಕ್ತಾವ್ರೆ."

ಬಗ್ಗಿ ನೋಡಿದೆ. ಮುಚ್ಚಳಗಳ ಸುತ್ತ, ಆಸಿಡ್ಡಿನ ಹಬೆ ಹಾಯುವ ಕಡೆಯಲ್ಲೆಲ್ಲ, ಕುಂಕುಮ ಹಳದಿ. ಉಸ್ತಾದರ ಸೋಡದ ಬಟ್ಟೆ ನೆನಪಾಯಿತು. ಮೀಟರಿನ ಒಂದು ಕಡ್ಡಿಯನ್ನು ಮೈನಸ್ಸಿಗೆ ಇಟ್ಟು, ಇನ್ನೊಂದನ್ನು ಯಾವ ಲೋಹಕ್ಕೂ ತಾಗಿಸದೆ ಕುಂಕುಮದ ಬೊಟ್ಟಿನ ಮೇಲೆ ಇಟ್ಟೆ.

ಮುಳ್ಳು ಎದ್ದಿತು.

"ಅಯ್ಯೋ, ಇದೇನಣ್ಣ! ಕುಂಕುಮದಾಗೂ ಕರೆಂಟು ಹರೀತದಾ?" ಎಂದರು ಜಗಲಿಯ ಮೇಲಿದ್ದ ಆ ತಂದೆ, ಇಳಿದು ಬಂದು.

"ಒಣಗಿದ್ರೆ ಹರ್ಯಲ್ಲ. ಆಸಿಡ್ಡು, ತೀರ್ಥ, ಬೂದಿ ಕಲ್ತು ಒದ್ದೆಯಾಗಿದ್ರೆ ಹರೀತದೆ" ಎಂದೆ. ಪ್ಲಸ್ಸಿನಿಂದ ಮೈನಸ್ಸಿಗೆ ಹಗಲಿರುಳು ತೆಳ್ಳಗೆ ಸೋರುತ್ತಿತ್ತು. ಅದಕ್ಕಿಂತ ದೊಡ್ಡದು ಪ್ಲಸ್ ವೈರು ಬಿಗಿದಿದ್ದ ಕ್ಲಾಂಪಿನ ಅಡಿಯಲ್ಲಿ ಸಿಕ್ಕಿತು: ಅದೇ ಒದ್ದೆ ಲೇಪ ಒಳಗಿಳಿದು ಬೂಷ್ಟು ಹಿಡಿದಂತೆ ಬಿಳಿ ಹುಡಿ ಕಟ್ಟಿತ್ತು. ಡೈನಮೋ ಕೊಟ್ಟದ್ದು ಪೂರ್ತಿ ಒಳಗೆ ಹೋಗುತ್ತಿರಲಿಲ್ಲ. ಬ್ಯಾಟರಿ ಸೊರಗಿದಷ್ಟೂ ಪೂಜೆ ಹೆಚ್ಚಿತ್ತು. ಪೂಜೆ ಹೆಚ್ಚಿದಷ್ಟೂ ಬ್ಯಾಟರಿ ಸೊರಗಿತ್ತು.

ಭಾವ ಮುಖ ಗಂಟಿಕ್ಕಿದರು. "ಅಂದ್ರೆ ಪೂಜೆ ಮಾಡಿದ್ದೇ ತಪ್ಪು ಅಂತೀಯಾ?"

"ಪೂಜೆ ತಪ್ಪಲ್ಲ ಭಾವ. ಜಾಗ ತಪ್ಪು. ಸ್ಟೇರಿಂಗಿಗೆ ಮಾಡಿ. ಇದ್ನ ಒರೆಸ್ಬೇಕು."

"ಒರೆಸ್ಬ್ಯಾಡ! ಎಂಟು ಹೆಣ್ಮಕ್ಕಳ ಪರೀಕ್ಷೆ ಎದುರ್ಗಿಟ್ಕಂಡು ಕುಂಕುಮ ಒರೆಸ್ತಾರೇನ್ಲಾ ಯಾರಾರ? ಏನಾರ ಹೆಚ್ಚುಕಮ್ಮಿ ಆದ್ರೆ ನಾನು ಆ ಮಕ್ಕಳ ಮುಖ ನೋಡೋದೆಂಗೆ?" ಎಂದು ಬಾನೆಟ್ ಮುಚ್ಚಿ, ಟವಲ್ಲು ಕೊಡವಿಕೊಂಡು ಹೊಲದ ಕಡೆ ಹೋಗಿಬಿಟ್ಟರು.

ಸೇನೆಯಲ್ಲಾಗಿದ್ದರೆ ಒಂದೇ ಪದದ ಆಜ್ಞೆ ಸಾಕಿತ್ತು. ಇಲ್ಲಿ ನಾನು ಅವರ ಹೆಂಡತಿಯ ತಮ್ಮ. ಸಂಜೆಯ ತನಕ ಸ್ಪ್ಯಾನರು ಒರೆಸುತ್ತಾ ಕುಳಿತೆ. ಮೂರು ದಿನದಲ್ಲಿ ಒಂದು ಹೀಗೆ ಕಳೆಯಿತು.

ದಾರಿ ತೋರಿಸಿದವಳು ಅಕ್ಕ. ಭಾವ ಹಿಂದಿರುಗಿ ಕಾಲು ತೊಳೆಯುವಾಗ ಎಂದಳು: "ಗೌರಿ ಕಳಸ ಇಟ್ಟು ಪೂಜೆ ಮಾಡಿದ್ ಮ್ಯಾಲೆ ಅಂಗೇ ಬುಟ್ಬುಡ್ತೀವಾ? ಅಕ್ಷತೆ ಹಾಕಿ ಕದಲಿಸ್ತೀವಿ. ಕದಲಿಸಿದ್ ಮ್ಯಾಲೆ ಎತ್ತಿ ತೊಳ್ದಿಡಾಕಿಲ್ವಾ? ಇದ್ನೂ ಕದಲಿಸಿ. ಒರೆಸಿದಂಗಾಯ್ತದಾ?"

ಭಾವ ಟವಲ್ಲಿನಲ್ಲಿ ಮುಖ ಒರೆಸಿಕೊಂಡರು. "ಇದ್ನ ಮೊದ್ಲೇ ಹೇಳ್ಬಾರ್ದಾ ಕಣೆ" ಎಂದರು.

ಮರುದಿನ ಬೆಳಿಗ್ಗೆ ಅಕ್ಕ ದೀಪ ಹಚ್ಚಿದಳು. ಭಾವ ಅಕ್ಷತೆ ಹಾಕಿ, ಬ್ಯಾಟರಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಷ್ಟೇ ಉತ್ತರಕ್ಕೆ ಸರಿಸಿದರು. "ಇನ್ನು ಮಾಡಪ್ಪ" ಎಂದರು. ಮೊದಲು ಮೈನಸ್, ಆಮೇಲೆ ಪ್ಲಸ್. ಎತ್ತಿ ಅಂಗಳದ ಹಲಗೆಯ ಮೇಲಿಟ್ಟೆ. ಮುಚ್ಚಳಗಳನ್ನು ಬಿಗಿ ಮಾಡಿ, ಬೋಂಡಕ್ಕೆ ಹಾಕುವ ಸೋಡವನ್ನು ನೀರಿನಲ್ಲಿ ಕದಡಿ ಮೇಲೆ ಸುರಿದೆ. ಬುಸಬುಸ ನೊರೆ ಎದ್ದಿತು. ಆ ನೊರೆಯೊಳಗೆ, ಹಳದಿಯಾಗಿದ್ದ ಕುಂಕುಮ ನೋಡನೋಡುತ್ತ ಕೆಂಪಾಯಿತು.

ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪು, ಹುಳಿ ಬಿದ್ದರೆ ಹಳದಿ. ಸೋಡ ಆಸಿಡ್ಡಿನ ಹುಳಿಯನ್ನು ಮುರಿದು ಬಣ್ಣವನ್ನು ಹಿಂದಕ್ಕೆ ತಂದಿತ್ತು. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ "ನೋಡ್ರೀ, ಕೆಂಪಾಯ್ತು!" ಎಂದು ಭಾವನ ತೋಳು ಹಿಡಿದಿದ್ದಳು. ಭಾವ ಕೈಮುಗಿದು ನಿಂತಿದ್ದರು. ಬಾಯಿ ಮುಚ್ಚಿಕೊಂಡೆ. ವಿವರಣೆ ಸಂಜೆಗೂ ಹೇಳಬಹುದಿತ್ತು. ತೊಳೆದ ನೀರನ್ನು ಅಕ್ಕ ಯಾರೂ ತುಳಿಯದ ಕಡೆ ಗುಂಡಿ ತೋಡಿಸಿ ಹಾಕಿದಳು.

ಬ್ಯಾಟರಿಯನ್ನು ಬಸ್ಸಿನಲ್ಲಿ ಕಾಲ ನಡುವೆ ನೆಟ್ಟಗೆ ಹಿಡಿದು ಕೆ.ಆರ್. ಪೇಟೆಗೆ ಒಯ್ದು ಚಾರ್ಜಿಗಿಟ್ಟು ಬಂದೆ. ಪರೀಕ್ಷೆಯ ಹಿಂದಿನ ದಿನ ಹೋಗಿ ತಂದೆ. ಕಡ್ಡಿ ಆರರಲ್ಲೂ ಮೇಲೆ ತೇಲಿತು. ಕ್ಲಾಂಪು ಉಜ್ಜಿ, ಮೊದಲು ಪ್ಲಸ್, ಆಮೇಲೆ ಮೈನಸ್ ಬಿಗಿದು ವ್ಯಾಸಲೀನ್ ಸವರಿದೆ.

ಪರೀಕ್ಷೆಯ ಬೆಳಿಗ್ಗೆ ಎಂಟು ಹುಡುಗಿಯರೂ ಜೀಪಿನೊಳಗೆ ಒತ್ತೊತ್ತಾಗಿ ಕುಳಿತು, ಪುಸ್ತಕ ಮುಚ್ಚಿ, ಭಾವನ ಕೈಯನ್ನೇ ನೋಡುತ್ತಿದ್ದರು. ಅಂದು ಜಗಲಿಯ ಮೇಲೆ ಕುಳಿತಿದ್ದ ತಂದೆ ಇನ್ನೂ ಐದು ಜನರನ್ನು ತಳ್ಳಲು ಕರೆತಂದು ಹಿಂದೆ ನಿಲ್ಲಿಸಿದ್ದರು. ಭಾವ ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಹತ್ತಿತು. ತಳ್ಳಲು ಬಾಗಿದ್ದ ಆರು ಜನರ ಮುಖಕ್ಕೂ ಹೊಗೆ ಬಡಿಯಿತು. "ಓಗಿ, ಕಬ್ಬು ಕಡ್ಕಳ್ರಲಾ!" ಎಂದು ಭಾವ ಕೂಗಿ ಹೊರಟೇಬಿಟ್ಟರು.

ಪರೀಕ್ಷೆ ಮುಗಿಯುವ ತನಕ ಅಲ್ಲೇ ಉಳಿದೆ. ಪ್ರತಿ ಬೆಳಿಗ್ಗೆ ಅಳೆದು, ಒರೆಸಿ, ಬರೆದುಕೊಂಡೆ. ಒಂದು ಪೇಪರೂ ತಪ್ಪಲಿಲ್ಲ. ಪೂಜೆ ಸ್ಟೇರಿಂಗಿನ ನಡುವಿಗೆ ಸರಿದಿತ್ತು. ಕೊನೆಯ ದಿನ ಬಾನೆಟ್ ಎತ್ತಿದಾಗ ಬ್ಯಾಟರಿಯ ಮೇಲ್ಭಾಗದಲ್ಲಲ್ಲ, ಅದರ ಪಕ್ಕೆಯಲ್ಲಿ ತೀರ ಕೆಳಗೆ, ಒಂದು ಪುಟ್ಟ ಬೊಟ್ಟು ಕಂಡಿತು. ಯಾರೂ ನೋಡದಿದ್ದಾಗ ಇಟ್ಟದ್ದು. ಮೀಟರಿನ ಕಡ್ಡಿಯನ್ನು ಅದರ ಮೇಲಿಟ್ಟು ನೋಡಿದೆ. ಮುಳ್ಳು ಅಲುಗಲಿಲ್ಲ. ಬಣ್ಣವೂ ಕೆಂಪಗೇ ಇತ್ತು.

ಅದನ್ನು ಹಾಗೇ ಬಿಟ್ಟು, ಮೇಲ್ಭಾಗವನ್ನಷ್ಟೇ ಒರೆಸಿ ಬಾನೆಟ್ ಮುಚ್ಚಿದೆ.