ಆ ಓ-ರಿಂಗ್ ಸಿಗಲೇ ಇಲ್ಲ

ಕೊರೊನಾ ಕಳೆದು ಎಲ್ಲ ಕೆಲಸಗಳೂ ಮತ್ತೆ ಶುರುವಾಗಿದ್ದ ಕಾಲ. ನನ್ನ ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ನೀಲಗಿರಿಯ ಅಣೆಕಟ್ಟುಗಳಲ್ಲಿ ನೀರಿನಡಿಯ ದುರಸ್ತಿ ಮಾಡುವ ಒಂದು ಸಣ್ಣ ಗುತ್ತಿಗೆ ತಂಡಕ್ಕೆ ನಾನು ಸಲಕರಣೆ ಮೆಕ್ಯಾನಿಕ್. ಮುಳುಗುಗಾರರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರ್, ಅದರ ವಾಲ್ವ್, ಸೀಲುಗಳು ನನ್ನ ಜವಾಬ್ದಾರಿ. ನಂಜನಾಡಿನ ಹತ್ತಿರದ ಹಟ್ಟಿಯಲ್ಲಿ ಆಲೂಗಡ್ಡೆ ಬೆಳೆಯುವವರ ಮನೆಯಲ್ಲಿ ಹುಟ್ಟಿದ ನನಗೆ ಈಜು ಬಾರದು. ಇಪ್ಪತ್ತಾರು ವರ್ಷ ದಡದಲ್ಲೇ ಕೂತು ಬೇರೆಯವರ ಉಸಿರನ್ನು ನೋಡಿಕೊಂಡವನು ನಾನು.

ಸಿಲಿಂಡರಿನ ಬಾಯಿಗೂ, ಅದರಿಂದ ಗಾಳಿ ಕೊಡುವ ರೆಗ್ಯುಲೇಟರಿಗೂ ನಡುವೆ ಒಂದು ರಬ್ಬರ್ ಬಳೆ ಇರುತ್ತದೆ. ಅದೇ ಓ-ರಿಂಗ್. ಕಿರುಬೆರಳಿಗೂ ಸರಿಯಾಗಿ ಏರದಷ್ಟು ಚಿಕ್ಕದು. ಆದರೆ ಇನ್ನೂರು ಬಾರ್ ಒತ್ತಡವನ್ನು, ಅಂದರೆ ಕಾರಿನ ಟಯರಿನಲ್ಲಿರುವುದರ ಎಂಬತ್ತು ಪಟ್ಟಿಗಿಂತಲೂ ಹೆಚ್ಚನ್ನು, ಅದೇ ತಡೆದು ನಿಲ್ಲಿಸಬೇಕು. ಅದು ಒಡೆದರೆ ತುಂಬಿದ ಸಿಲಿಂಡರ್ ಕೂಡ ಕೆಲವೇ ನಿಮಿಷದಲ್ಲಿ ಖಾಲಿ.

ಆ ದಿನದ ಕೆಲಸ ಗೂಡಲೂರು ರಸ್ತೆಗೆ ಹತ್ತಿರದ ಒಂದು ಜಲಾಶಯದಲ್ಲಿ. ತೂಬಿನ ಮುಂದಿನ ಕಬ್ಬಿಣದ ಜಾಲರಿಗೆ ಮರದ ಬೇರುಗಳು ಸಿಕ್ಕಿಕೊಂಡಿದ್ದವು. ಆಳ ಇಪ್ಪತ್ತೆರಡು ಮೀಟರ್. ಮಸಿನಗುಡಿಯ ಮಾದೇಶ ಇಳಿದಿದ್ದ, ಗೂಡಲೂರಿನ ಬಶೀರ್ ಮೇಲೆ ದೋಣಿಯಲ್ಲಿ ಹಗ್ಗ ಹಿಡಿದಿದ್ದ. ಇಬ್ಬರೂ ನುರಿತವರು. ಮಾದೇಶನ ಸಿಲಿಂಡರಿನ ಓ-ರಿಂಗನ್ನು ಹಿಂದಿನ ದಿನ ನಾನೇ ಬದಲಾಯಿಸಿದ್ದೆ. ಬೆಳಗ್ಗೆ ಪೂರ್ತಿ ಒತ್ತಡದಲ್ಲಿ ಸೋಪಿನ ನೀರು ಹಚ್ಚಿ ನೋಡಿದ್ದೆ. ಒಂದು ಗುಳ್ಳೆಯೂ ಎದ್ದಿರಲಿಲ್ಲ.

ಅವತ್ತಿನ ಎರಡನೆಯ ಇಳಿತ ಅದು. ಮಾದೇಶ ಕೆಳಗೆ ಹೋಗಿ ಮುಕ್ಕಾಲು ಗಂಟೆಯಾಗುತ್ತ ಬಂದಿತ್ತು. ಅಷ್ಟು ಹೊತ್ತು ಅವನ ಉಸಿರಿನ ಗುಳ್ಳೆಗಳು ಬಿಟ್ಟು ಬಿಟ್ಟು ಬರುತ್ತಿದ್ದವು. ಇದ್ದಕ್ಕಿದ್ದಂತೆ ಒಂದೇ ಜಾಗದಲ್ಲಿ ನೀರು ಕೊತಕೊತ ಕುದಿದಂತೆ ಎದ್ದಿತು. ಏನಾಯಿತೆಂದು ನನಗೆ ಆ ಕ್ಷಣವೇ ತಿಳಿಯಿತು. ನಾನು ದಡದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದೆ. ಆ ನೀರಿಗೂ ನನಗೂ ಮೂವತ್ತು ಹೆಜ್ಜೆ ಇರಬಹುದು. "ಬಶೀರ್! ಬಶೀರ್!" ಎಂದು ಕೂಗಿದ್ದು ಬಿಟ್ಟರೆ ನಾನು ಏನೂ ಮಾಡಲಿಲ್ಲ. ಮಾಡಲು ಏನೂ ಇರಲಿಲ್ಲ.

ಬಶೀರ್ ಬೆನ್ನಿಗೆ ಸಿಲಿಂಡರ್ ಏರಿಸುವಷ್ಟರಲ್ಲಿ ಮಾದೇಶ ತಾನೇ ಮೇಲೆ ಬಂದ. ಆಳದಲ್ಲಿ ಹೆಚ್ಚು ಹೊತ್ತು ಇದ್ದವರು ಮೇಲೆ ಬರುವಾಗ ನಡುವೆ ನಿಂತು ನಿಂತು ಬರಬೇಕು. ಇಲ್ಲದಿದ್ದರೆ ರಕ್ತದಲ್ಲಿ ಕರಗಿದ ನೈಟ್ರೋಜನ್, ಸೋಡಾ ಬಾಟಲಿ ತೆಗೆದಾಗ ಆಗುವಂತೆ, ಗುಳ್ಳೆಗಳಾಗಿ ನರಗಳನ್ನು ಹಾಳುಮಾಡುತ್ತದೆ. ಗಾಳಿಯೇ ಇಲ್ಲದವನು ಎಲ್ಲಿ ನಿಲ್ಲುತ್ತಾನೆ?

ಮಾದೇಶ ದೋಣಿಯಲ್ಲಿ ಎದ್ದು ಕೂತು ನಕ್ಕ. "ಬೆಳ್ಳಣ್ಣ, ಗಾಳಿ ಪೂರಾ ಹೋಯ್ತು," ಎಂದು ದಡದಲ್ಲಿದ್ದ ನನ್ನನ್ನು ನೋಡಿ ಕೂಗಿದ. ಹತ್ತು ನಿಮಿಷದ ಮೇಲೆ ದಡದಲ್ಲಿ ಮಲಗಿದ್ದವನು ನನ್ನ ಕೈ ಹಿಡಿದುಕೊಂಡ.

"ಅಣ್ಣಾ, ನನ್ನ ಕಾಲು ಎಲ್ಲಿದೆ ಅಂತಲೇ ಗೊತ್ತಾಗ್ತಿಲ್ಲ."

ಕಾಲು ಅವನ ಎದುರಿಗೇ ಇತ್ತು. ನಾನು ಅದನ್ನು ಹಿಡಿದುಕೊಂಡೇ ಇದ್ದೆ.

ಆಂಬುಲೆನ್ಸ್ ಬಂತು. ಆಮ್ಲಜನಕದ ಮಾಸ್ಕ್ ಹಾಕಿದರು. ಡ್ರೈವರ್ ಊಟಿಯ ಕಡೆ ತಿರುಗಿಸಲು ಹೊರಟ. "ಅಲ್ಲಿ ದೊಡ್ಡಾಸ್ಪತ್ರೆ ಇದೆ ಸಾರ್, ಹತ್ತಿರ," ಅಂದ. ಬಶೀರ್ ಬಾಗಿಲಿಗೆ ಅಡ್ಡ ನಿಂತ. "ಬೇಡ. ಮೇಲೆ ಹತ್ತಿದಷ್ಟೂ ಇವನ ಮೈಯ ಗುಳ್ಳೆ ದೊಡ್ಡದಾಗುತ್ತೆ. ಇಳಿಯಬೇಕು. ಗೂಡಲೂರು, ನಾಡುಕಾಣಿ, ಕೊಚ್ಚಿ." ಮುಳುಗುಗಾರರನ್ನು ಮತ್ತೆ ಒತ್ತಡದಲ್ಲಿಟ್ಟು ಗುಣಪಡಿಸುವ ಕೋಣೆ ಇದ್ದದ್ದು ಕಡಲ ತೀರದಲ್ಲಿ. ನಾವಿದ್ದದ್ದು ಎರಡು ಸಾವಿರ ಮೀಟರ್ ಎತ್ತರದಲ್ಲಿ. ಏಳು ಗಂಟೆಯ ದಾರಿ. ಬಶೀರ್ ಫೋನಿನಲ್ಲಿ ವೈದ್ಯರೊಬ್ಬರನ್ನು ಹಿಡಿದ. ಅವರೂ ಇಳಿಯಿರಿ ಎಂದರು. ನಾವಿಬ್ಬರೂ ಮಾದೇಶನ ಜೊತೆ ಹತ್ತಿದೆವು.

ಗೂಡಲೂರಿನ ಆಸ್ಪತ್ರೆಯಲ್ಲಿ ಇನ್ನೂ ಎರಡು ಆಮ್ಲಜನಕದ ಸಿಲಿಂಡರ್ ಕೊಟ್ಟರು. ಮೊದಲನೆಯದು ಘಟ್ಟ ಇಳಿಯುವವರೆಗೆ ಬಂತು. ಎರಡನೆಯದನ್ನು ತೆರೆದ ಕೂಡಲೇ ಸುಯ್ ಎಂದು ಸದ್ದು. ವಾಲ್ವಿನ ಹಿಡಿಯ ಬುಡದಲ್ಲೇ ಸೋರಿಕೆ. ಬಶೀರ್ ನನ್ನ ಮುಖ ನೋಡಿದ. "ಬೆಳ್ಳಣ್ಣ, ನಿಮ್ಮ ಜೇಬಲ್ಲಿ ರಿಂಗ್ ಇದೆಯಲ್ಲ?" ಇತ್ತು, ಒಂದು ಡಬ್ಬಿ ತುಂಬ ಇತ್ತು. ಆದರೆ ಅವು ಗಾಳಿಗೆ ಮಾಡಿದವು, ಗ್ರೀಸ್ ಸವರಿದವು. ಆಮ್ಲಜನಕಕ್ಕೆ ಗ್ರೀಸ್ ತಾಗಿದರೆ ಬೆಂಕಿಯೇ ಹತ್ತಬಹುದು. ಮೇಲಾಗಿ ಒತ್ತಡ ತುಂಬಿದ ವಾಲ್ವನ್ನು ಬಿಚ್ಚುವಂತೆಯೇ ಇಲ್ಲ. ಇಡೀ ಜಿಲ್ಲೆಯಲ್ಲಿ ಆ ಸೋರಿಕೆಯನ್ನು ಅರ್ಥಮಾಡಿಕೊಳ್ಳಬಲ್ಲ ಕೆಲವೇ ಜನರಲ್ಲಿ ನಾನೊಬ್ಬ. ಡಬ್ಬಿ ಹಿಡಿದುಕೊಂಡು ಒತ್ತಡದ ಮಾಪಕದ ಮುಳ್ಳು ಇಳಿಯುವುದನ್ನು ನೋಡುತ್ತ ಕೂತೆ.

ಮುಳ್ಳು ಸೊನ್ನೆಗೆ ಬಂದ ಮೇಲೆ ಮುಂದಿನ ಆಸ್ಪತ್ರೆ ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ನಾನು ಮಾದೇಶನ ಕಾಲಿನ ಹೆಬ್ಬೆರಳು ಚಿವುಟುತ್ತಿದ್ದೆ. ಎಡಗಾಲಿನದು ಸ್ವಲ್ಪ ಅಲುಗುತ್ತಿತ್ತು. ಬಲಗಾಲಿನದು ಇಲ್ಲ.

ಅವನು ಬದುಕಿದ. ಕೊಚ್ಚಿಯ ಆ ಕೋಣೆಯಲ್ಲಿ ಹಲವು ದಿನ ಚಿಕಿತ್ಸೆಯಾಯಿತು. ಎಡಗಾಲು ಮರಳಿತು, ಬಲಗಾಲು ಅರ್ಧ ಮಾತ್ರ.

ವಿಚಾರಣೆಗಾಗಿ ಮಾದೇಶನ ಸಿಲಿಂಡರಿನ ವಾಲ್ವನ್ನು ನನ್ನ ಎದುರಿಗೇ ಬಿಚ್ಚಿದರು. ರಿಂಗ್ ಕೂರುವ ಕೊರಕಲಿನಲ್ಲಿ ಕೂದಲೆಳೆಯಷ್ಟು ರಬ್ಬರ್ ಉಳಿದಿತ್ತು. ಮಿಕ್ಕದ್ದು ಜಲಾಶಯದ ತಳದಲ್ಲಿ. ರಬ್ಬರೇ ಕೆಟ್ಟದ್ದಾಗಿತ್ತೇ, ಹಳೆಯದನ್ನು ತೆಗೆಯುವ ಕಡ್ಡಿಯಿಂದ ನಾನೇ ಗೀರು ಹಾಕಿದ್ದೆನೇ, ಬೇರುಗಳ ನಡುವೆ ರೆಗ್ಯುಲೇಟರಿಗೆ ಏಟು ಬಿತ್ತೇ, ಹೇಳಲು ಯಾರಿಗೂ ಆಗಲಿಲ್ಲ. ವರದಿಯಲ್ಲಿ ಕಾರಣ ತಿಳಿಯಲಿಲ್ಲ ಎಂದು ಬರೆದರು. ನನ್ನ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಹೊರಿಸಿದ್ದರೆ ಸುಲಭವಾಗುತ್ತಿತ್ತೇನೋ.

ಎರಡು ತಿಂಗಳ ಮೇಲೆ ಮಸಿನಗುಡಿಗೆ ಹೋದೆ. ಮಾದೇಶ ಕೋಲು ಹಿಡಿದು ಅಂಗಳದ ತನಕ ಬಂದ. ಅವನ ಹೆಂಡತಿ ಗೌರಿ ನನ್ನನ್ನು ನೇರವಾಗಿ ಕೇಳಿದಳು.

"ಅಣ್ಣಾ, ಆ ರಬ್ಬರು ಹಾಕಿದ್ದು ನೀವೇನಾ?"

"ನಾನೇ, ಅಮ್ಮ."

"ಸರಿಯಾಗಿ ಹಾಕಿದ್ರಾ?"

ಮಾದೇಶ "ಏಯ್, ಬಿಡು," ಅಂದ. ಅವಳು ಬಿಡಲಿಲ್ಲ, ಉತ್ತರಕ್ಕೆ ಕಾದಳು. "ನಾನು ನೋಡಿದಾಗ ಸೋರ್ತಿರಲಿಲ್ಲ," ಎಂದೆ. ಅವಳು ತಲೆಯಾಡಿಸಿ ಒಳಗೆ ಹೋದಳು. ಒಪ್ಪಿದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ತಂಡಕ್ಕೆ ಮೊದಲನೆಯದು ಕೈಕೊಟ್ಟರೆ ಉಸಿರಾಡಲು ಬೇರೆಯೇ ವಾಲ್ವ್ ಇರುವ ಪುಟ್ಟ ಎರಡನೆಯ ಸಿಲಿಂಡರುಗಳು ಬಂದವು. ಒಬ್ಬನೇ ಇಳಿಯುವುದೂ ನಿಂತಿತು. ಅಷ್ಟು ವರ್ಷ ಸಿಲಿಂಡರ್ ಕೊಡುವಾಗ ರಿಜಿಸ್ಟರಿನಲ್ಲಿ "ಸರಿ ಇದೆ" ಎಂದು ಬರೆದು ಸಹಿ ಹಾಕುತ್ತಿದ್ದೆ. ಉಳಿದ ಎರಡು ವರ್ಷ ಹಾಗೆ ಬರೆಯಲಿಲ್ಲ. ಪರೀಕ್ಷಿಸಿದ ಗಂಟೆ, ಒತ್ತಡ, ಸೋರಿಕೆ ಕಾಣಲಿಲ್ಲ ಎಂಬಷ್ಟನ್ನೇ ಬರೆದು, ಇಳಿಯುವವನ ಕೈಯಲ್ಲೇ ಮತ್ತೊಮ್ಮೆ ಸೋಪಿನ ನೀರು ಹಚ್ಚಿಸುತ್ತಿದ್ದೆ. ಇನ್ನೊಬ್ಬರ ಉಸಿರಿನ ಬಗ್ಗೆ ದಡದಲ್ಲಿ ನಿಂತವನು ಅದಕ್ಕಿಂತ ಹೆಚ್ಚು ಮಾತು ಕೊಡಲಾರ ಎಂಬುದನ್ನು ನನ್ನ ಕೆಲಸ ನನಗೆ ಕಲಿಸಿತು.